ಪಕ್ಕದ ಶೆಡ್ಡಿನ ದರವಲ್ಲ, ಕೆಲಸದ ಕ್ರಮ ನೋಡಿ

ಓದುಗರ ಪ್ರಶ್ನೆಗಳಿಗೆ ಉತ್ತರ

ತಮ್ಮ ಉದ್ದಿಮೆಯನ್ನು ಬೇರೆಯವರದ್ದರೊಡನೆ ಹೋಲಿಸಿ ಸುಧಾರಿಸಿಕೊಳ್ಳುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ವ್ಯವಹಾರದ ಅಂಕಿ ಅಂಶಗಳಿರುವುದರಿಂದ ಬರೆದವರ ಊರನ್ನು ಮಾತ್ರ ಕೊಟ್ಟಿದೆ.

ಪ್ರಶ್ನೆ: ನಾಲ್ಕು ಸಿಎನ್‌ಸಿ ಲೇತ್‌ಗಳನ್ನು (ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕಡೆಯುವ ಯಂತ್ರಗಳು) ಇಟ್ಟುಕೊಂಡು ಒಂದೇ ಪಾಳಿಯಲ್ಲಿ ಜಾಬ್‌ವರ್ಕ್ ಮಾಡುತ್ತಿದ್ದೇನೆ. ಹನ್ನೊಂದು ವರ್ಷಗಳಿಂದ ಕೆಲಸ ಕೊಡುತ್ತಿರುವ ಕಂಪನಿಯವರು ಈಗ, ಬೇರೆಯವರು ಶೇ 8ರಷ್ಟು ಕಡಿಮೆ ದರಕ್ಕೆ ಮಾಡಿಕೊಡಲು ಸಿದ್ಧರಿದ್ದಾರೆ ಎನ್ನುತ್ತಿದ್ದಾರೆ. ಲಾಟ್‌ಗಳು ಚಿಕ್ಕವು, 60ರಿಂದ 200 ಪೀಸ್ ಅಷ್ಟೇ. ಹೀಗಾಗಿ ಪ್ರತಿ ಯಂತ್ರದಲ್ಲೂ ವಾರಕ್ಕೆ ಐದು ಸಲ ಸೆಟ್ಟಿಂಗ್ (ಹೊಸ ಲಾಟಿಗೆ ಯಂತ್ರದ ಜೋಡಣೆ) ಬದಲಿಸಬೇಕಾಗುತ್ತದೆ, ಪ್ರತಿ ಸಲವೂ ಎರಡರಿಂದ ಮೂರು ಗಂಟೆ ಹಿಡಿಯುತ್ತದೆ. ಯಂತ್ರಕ್ಕೆ ಗಂಟೆಗೆ 350 ರೂಪಾಯಿ ಲೆಕ್ಕ ಹಾಕುತ್ತೇನೆ. ಗೆಳೆಯರು ಬೆಂಚ್‌ಮಾರ್ಕಿಂಗ್ ಮಾಡು ಎನ್ನುತ್ತಾರೆ. ದೊಡ್ಡ ಕಂಪನಿಗಳ ಈ ಪದ್ಧತಿ ನನ್ನಂಥವನಿಗೆ ಒಗ್ಗುತ್ತದೆಯೇ, ಅಥವಾ ಸಾಲ ಮಾಡಿ ಐದನೆಯ ಯಂತ್ರ ಕೊಳ್ಳುವುದು ಮೇಲೇ? (ಪೀಣ್ಯ, ಬೆಂಗಳೂರು)

ಉತ್ತರ: ಐದನೆಯ ಯಂತ್ರದ ಮಾತನ್ನು ಸದ್ಯಕ್ಕೆ ಬದಿಗಿಡಿ, ಏಕೆಂದರೆ ನಿಮ್ಮ ಪತ್ರದಲ್ಲಿರುವ ಅಂಕಿಗಳ ಪ್ರಕಾರ ಆ ಯಂತ್ರ ಈಗಾಗಲೇ ನಿಮ್ಮ ಶೆಡ್ಡಿನಲ್ಲಿದೆ. ನಾಲ್ಕು ಯಂತ್ರ, ವಾರಕ್ಕೆ ಐದೈದು ಸೆಟ್ಟಿಂಗ್, ಸರಾಸರಿ ಎರಡೂವರೆ ಗಂಟೆ ಎಂದರೆ ವಾರಕ್ಕೆ 50 ಗಂಟೆ. ಒಂದು ಪಾಳಿಯಲ್ಲಿ ಒಂದು ಯಂತ್ರ ವಾರವಿಡೀ ಓಡಿದರೂ ಸಿಗುವುದು 48 ಗಂಟೆ. ನಿಮ್ಮದೇ ದರದಲ್ಲಿ ಇದು ವಾರಕ್ಕೆ 17,500 ರೂಪಾಯಿ. ನಿಮಗಿಂತ ಶೇ 8ರಷ್ಟು ಕಡಿಮೆ ಹೇಳುತ್ತಿರುವವರು ಯಾರೇ ಆಗಿರಲಿ, ಅವರು ಲಾಭ ಬಿಟ್ಟುಕೊಡುತ್ತಿರಬಹುದು ಅಥವಾ ಸೆಟ್ಟಿಂಗನ್ನು ಒಂದು ಗಂಟೆಯಲ್ಲಿ ಮುಗಿಸುತ್ತಿರಬಹುದು. ಮೊದಲನೆಯದರ ಜೊತೆ ನೀವು ಸ್ಪರ್ಧಿಸಬಾರದು, ಎರಡನೆಯದರ ಜೊತೆ ಸ್ಪರ್ಧಿಸದೆ ಗತಿಯಿಲ್ಲ. ದರವನ್ನಷ್ಟೇ ಹೋಲಿಸಿದರೆ ಇವೆರಡರಲ್ಲಿ ನಿಜ ಯಾವುದೆಂದು ಎಂದಿಗೂ ತಿಳಿಯುವುದಿಲ್ಲ.

ಅಕ್ಕಸಾಲಿಗರು ಚಿನ್ನವನ್ನು ಒರೆಗೆ ಹಚ್ಚುವಂತೆ, ನಮ್ಮ ಕೆಲಸವನ್ನು ಅದೇ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುವವರ ಕೆಲಸದ ಪಕ್ಕದಲ್ಲಿಟ್ಟು, ವ್ಯತ್ಯಾಸ ಎಷ್ಟು ಮತ್ತು ಏಕೆ ಎಂದು ಕಂಡುಕೊಳ್ಳುವುದೇ ಬೆಂಚ್‌ಮಾರ್ಕಿಂಗ್. ಈ ಹೆಸರು ಪ್ರಚಾರಕ್ಕೆ ಬಂದದ್ದು ಅಮೆರಿಕದ ಝೆರಾಕ್ಸ್ ಕಂಪನಿಯಿಂದ. 1970ರ ದಶಕದ ಕೊನೆಗೆ ಜಪಾನಿನ ನಕಲುಯಂತ್ರಗಳು, ಝೆರಾಕ್ಸ್‌ಗೆ ತಯಾರಿಕೆಗೇ ತಗಲುತ್ತಿದ್ದ ವೆಚ್ಚದ ಆಸುಪಾಸಿನಲ್ಲಿ ಮಾರಾಟವಾಗತೊಡಗಿದಾಗ, 1979ರಲ್ಲಿ ಆ ಕಂಪನಿ ಎದುರಾಳಿಗಳ ಯಂತ್ರಗಳನ್ನು ಬಿಚ್ಚಿ, ಬಿಡಿಭಾಗ ಬಿಡಿಭಾಗವಾಗಿ ವೆಚ್ಚ ಹೋಲಿಸಲು ಶುರುಮಾಡಿತು. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಅವರ ಮುಂದಿನ ಹೆಜ್ಜೆ. ಗೋದಾಮಿನಿಂದ ಸಾಮಾನು ತೆಗೆದು ಕಳುಹಿಸುವ ಕೆಲಸ ನಿಧಾನವಾಗುತ್ತಿದೆ ಎಂದು ಕಂಡಾಗ ಅವರು ಇನ್ನೊಂದು ನಕಲುಯಂತ್ರದ ಕಂಪನಿಯ ಬಾಗಿಲು ತಟ್ಟಲಿಲ್ಲ. ಅಂಚೆಯ ಮೂಲಕ ಬೂಟು, ಬಟ್ಟೆ ಮಾರುತ್ತಿದ್ದ ಎಲ್.ಎಲ್. ಬೀನ್ ಎಂಬ ಸಂಸ್ಥೆಯ ಗೋದಾಮನ್ನು ಹೋಗಿ ನೋಡಿದರು. ಅಲ್ಲಿ ಬಹುಪಾಲು ಕೈಯಿಂದಲೇ, ಆದರೆ ತಮಗಿಂತ ಬಹಳ ವೇಗವಾಗಿ ಕೆಲಸ ನಡೆಯುತ್ತಿತ್ತು. ನೋಡಬೇಕಾದದ್ದು ಕೆಲಸದ ಕ್ರಮವನ್ನು, ಸರಕನ್ನಲ್ಲ ಎಂಬ ಈ ತಿಳಿವಳಿಕೆಗೆ ದೊಡ್ಡ ಬಂಡವಾಳ ಬೇಕಿಲ್ಲ. ಆದ್ದರಿಂದ ಇದು ನಿಮಗೆ ಖಂಡಿತ ಒಗ್ಗುತ್ತದೆ.

ನಿಮ್ಮ ಸಮಸ್ಯೆಗೆ ನೇರವಾಗಿ ಹೊಂದುವ ಉದಾಹರಣೆ ಟೊಯೊಟಾದ್ದು. 1969ರಲ್ಲಿ ಅವರ ಸಾವಿರ ಟನ್ನಿನ ಪ್ರೆಸ್ಸಿನಲ್ಲಿ ಡೈ (ಲೋಹಕ್ಕೆ ಆಕಾರ ಕೊಡುವ ಅಚ್ಚು) ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆಯಲ್ಲಿ ಅಂಥದೇ ಪ್ರೆಸ್ಸಿಗೆ ಎರಡು ಗಂಟೆ ಸಾಕಾಗುತ್ತಿದೆ ಎಂದು ತಿಳಿದ ಆಡಳಿತ ವರ್ಗ, ಅದನ್ನೂ ಮೀರಿಸಬೇಕೆಂದಿತು. ಶಿಗೆಯೊ ಶಿಂಗೊ ಎಂಬ ಎಂಜಿನಿಯರ್ ಆರು ತಿಂಗಳಲ್ಲಿ ಅದನ್ನು 90 ನಿಮಿಷಕ್ಕೆ ತಂದರು. ಮತ್ತೆ ಮೂರು ತಿಂಗಳಲ್ಲಿ ಅದು ಮೂರು ನಿಮಿಷಕ್ಕೆ ಬಂತು. ಅವರ ಉಪಾಯ ಸರಳವಾಗಿತ್ತು: ಯಂತ್ರ ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮಾಡಿಡಬಹುದಾದದ್ದು ಯಾವುದು ಎಂದು ವಿಂಗಡಿಸಿ, ಎರಡನೆಯದನ್ನೆಲ್ಲ ಮೊದಲೇ ಮುಗಿಸಿಕೊಳ್ಳುವುದು. ಗಮನಿಸಿ, ಫೋಕ್ಸ್‌ವ್ಯಾಗನ್‌ನ ಎರಡು ಗಂಟೆ ಅವರನ್ನು ಎಬ್ಬಿಸಿತು, ಆದರೆ ಮೂರು ನಿಮಿಷದ ದಾರಿ ಸಿಕ್ಕಿದ್ದು ತಮ್ಮದೇ ಪ್ರೆಸ್ಸಿನ ಮುಂದೆ ನಿಂತು ನೋಡಿದಾಗ.

ಕೆಲವು ವರ್ಷಗಳ ಹಿಂದೆ ನಿಮ್ಮಂಥದೇ ಒಂದು ಶೆಡ್ಡಿನಲ್ಲಿ ನಾನು ಒಂದು ಇಡೀ ಸೆಟ್ಟಿಂಗನ್ನು ಗಡಿಯಾರ ಹಿಡಿದು ನೋಡಿದ್ದೇನೆ. ಹಿಂದಿನ ಲಾಟಿನ ಕೊನೆಯ ಪೀಸ್ ಇಳಿದದ್ದು 10 ಗಂಟೆ 5 ನಿಮಿಷಕ್ಕೆ, ಹೊಸ ಲಾಟಿನ ಮೊದಲ ಒಪ್ಪಿತ ಪೀಸ್ ಬಂದದ್ದು 12 ಗಂಟೆ 25 ನಿಮಿಷಕ್ಕೆ. ಈ 140 ನಿಮಿಷಗಳಲ್ಲಿ ಆಪರೇಟರ್‌ನ ಕೈ ಯಂತ್ರದ ಮೇಲಿದ್ದದ್ದು 46 ನಿಮಿಷ ಮಾತ್ರ. ಪೀಸನ್ನು ಕಚ್ಚಿ ಹಿಡಿಯುವ ದವಡೆಗಳು, ಅಂದರೆ ಸಾಫ್ಟ್ ಜಾಗಳು, ಒಂದು ತಗಡಿನ ಡಬ್ಬದಲ್ಲಿ ರಾಶಿ ಬಿದ್ದಿದ್ದವು. ಒಂದೇ ಜೊತೆಯ ಮೂರನ್ನು ಹುಡುಕಿ ತೆಗೆಯಲು 18 ನಿಮಿಷ ಹೋಯಿತು. ಬೋಲ್ಟ್ ಬಿಗಿಯುವ ಅಲೆನ್ ಕೀ ಪಕ್ಕದ ಯಂತ್ರದವರ ಬಳಿಯಿತ್ತು. ಡ್ರಾಯಿಂಗ್ ಆಫೀಸಿನಲ್ಲಿತ್ತು, ಆಫೀಸಿನ ಬೀಗದ ಕೈ ಇದ್ದವರು ಬ್ಯಾಂಕಿಗೆ ಹೋಗಿದ್ದರು. ಮೊದಲ ಪೀಸ್ ತಯಾರಾದ ಮೇಲೆ ಅದನ್ನು ಅಳೆದು ಒಪ್ಪಿಗೆ ಕೊಡಬೇಕಾದವರಿಗಾಗಿ 25 ನಿಮಿಷ ಕಾದದ್ದಾಯಿತು. ಆ ಹುಡುಗ ಇಡೀ ಸಮಯ ಓಡಾಡುತ್ತಲೇ ಇದ್ದ. ಅವನನ್ನು ಸೋಮಾರಿ ಎನ್ನುವಂತೆಯೇ ಇರಲಿಲ್ಲ. ಮುಂದಿನ ತಿಂಗಳು ಅಲ್ಲಿಗೆ ಮತ್ತೆ ಹೋದಾಗ ಗೋಡೆಗೆ ಒಂದು ರ‍್ಯಾಕ್ ಬಂದಿತ್ತು. ಜಾಗಳಿಗೆ ಜಾಬ್ ನಂಬರನ್ನೂ 1, 2, 3 ಎಂಬ ಗುರುತನ್ನೂ ಕೊರೆದು, ಮೂರನ್ನೂ ಸೇರಿಸಿ ತಂತಿಯಲ್ಲಿ ಕಟ್ಟಿ ತೂಗುಹಾಕಿದ್ದರು. ಪ್ರತಿ ಯಂತ್ರಕ್ಕೂ ಅದರದೇ ಅಲೆನ್ ಕೀಗಳ ಜೊತೆ ಬಂದಿತ್ತು. ಮುಂದಿನ ಲಾಟಿನ ಇನ್ಸರ್ಟ್ (ಲೋಹ ಕತ್ತರಿಸುವ ಅಲಗು), ಗೇಜ್ (ಅಳತೆಯ ಸಾಧನ), ಡ್ರಾಯಿಂಗ್ ಇವೆಲ್ಲ ಹಿಂದಿನ ಲಾಟಿನ ಕೊನೆಯ ಹತ್ತು ಪೀಸ್ ಓಡುತ್ತಿರುವಾಗಲೇ ಒಂದು ಟ್ರಾಲಿಯಲ್ಲಿ ಬಂದು ನಿಲ್ಲುತ್ತಿದ್ದವು. ಸೆಟ್ಟಿಂಗ್ ಸಮಯ 65 ನಿಮಿಷಕ್ಕೆ ಇಳಿದಿತ್ತು. ಖರ್ಚಾದದ್ದು ರ‍್ಯಾಕು, ಟ್ರಾಲಿ ಮತ್ತು ಅಲೆನ್ ಕೀಗಳಿಗೆ ಮಾತ್ರ.

ನೀವು ಎರಡು ವಾರ ಇದನ್ನೇ ಮಾಡಿ. ಪ್ರತಿ ಯಂತ್ರದ ಬಳಿ ಒಂದು ಹಾಳೆ ಇಟ್ಟು, ಕೊನೆಯ ಪೀಸ್ ಇಳಿದ ಹೊತ್ತು, ಮೊದಲ ಒಪ್ಪಿತ ಪೀಸ್ ಬಂದ ಹೊತ್ತು, ನಡುವೆ ಯಾವುದಕ್ಕೆ ಕಾದದ್ದು ಎಂಬ ಮೂರನ್ನೇ ಬರೆಸಿ. ನಲವತ್ತು ಸೆಟ್ಟಿಂಗ್‌ಗಳ ದಾಖಲೆ ಸಿಗುತ್ತದೆ. ಅದರಲ್ಲಿ ಎಲ್ಲಕ್ಕಿಂತ ಬೇಗ ಮುಗಿದ ಐದನ್ನು ಆರಿಸಿ, ಆ ದಿನ ಏನು ಬೇರೆಯಾಗಿತ್ತು ಎಂದು ಕೇಳಿ. ನಿಮ್ಮ ಮೊದಲ ಮಾನದಂಡ ನಿಮ್ಮದೇ ಒಳ್ಳೆಯ ದಿನ. ಅದು ನಿಮ್ಮದೇ ಯಂತ್ರದಲ್ಲಿ, ನಿಮ್ಮದೇ ಜನರಿಂದ ಆದದ್ದರಿಂದ ಯಾರೂ ಅದನ್ನು ಅಸಾಧ್ಯವೆನ್ನಲಾರರು. ಆಮೇಲೆ ಹೊರಗೆ ಹೋಗಿ. ಒಂದೇ ಗಿರಾಕಿಗಾಗಿ ನಿಮ್ಮೊಡನೆ ಪೈಪೋಟಿಗಿಳಿಯದ ಶೆಡ್ಡಿನವರನ್ನು ನಿಮ್ಮ ಕೈಗಾರಿಕಾ ಸಂಘದಲ್ಲಿ ಕೇಳಿದರೆ ಸಿಗುತ್ತಾರೆ. ಅವರ ಸೆಟ್ಟಿಂಗ್ ನೋಡುವ ಮೊದಲು ನಿಮ್ಮ ಹಾಳೆಗಳನ್ನು ಅವರ ಮುಂದಿಡಿ. ಕೊಡದೆ ಕೇಳುವವರಿಗೆ ಯಾರೂ ಬಾಗಿಲು ತೆರೆಯುವುದಿಲ್ಲ. ದರದ ವಿಷಯ ಇಬ್ಬರೂ ಎತ್ತಬೇಡಿ, ಗಿರಾಕಿ ಕೊಟ್ಟ ಡ್ರಾಯಿಂಗನ್ನು ಅವರ ಅನುಮತಿಯಿಲ್ಲದೆ ತೋರಿಸಲೂ ಬೇಡಿ. ಸೆಟ್ಟಿಂಗ್ ಸರಾಸರಿ ಒಂದು ಗಂಟೆಗೆ ಇಳಿದರೆ ನಿಮಗೆ ವಾರಕ್ಕೆ 30 ಗಂಟೆ ಮರಳಿ ಸಿಗುತ್ತದೆ. ಕಂಪನಿಯವರೊಡನೆ ದರದ ಮಾತಿಗೆ ಕೂರುವುದು ಆಗ.

ಪ್ರಶ್ನೆ: ನಮ್ಮದು ತಿಂಗಳಿಗೆ 80 ಟನ್ ಎರಕ ಮಾರುವ ಫೌಂಡ್ರಿ. ನಮ್ಮ ರಿಜೆಕ್ಷನ್ (ಕೆಟ್ಟು ತಿರಸ್ಕೃತವಾಗುವ ಎರಕ) ಶೇ 7. ಸಭೆಯೊಂದರಲ್ಲಿ ಇನ್ನೊಬ್ಬ ಮಾಲೀಕರು ತಮ್ಮದು ಶೇ 3 ಎಂದೂ, ಕರೆಂಟು ಟನ್ನಿಗೆ 620 ಯೂನಿಟ್ ಎಂದೂ ಹೇಳಿದರು. ನಮ್ಮದೂ ಅದೇ 620, ಆದರೂ ಬಿಲ್ ನಮಗೇ ಹೆಚ್ಚು ಬರುತ್ತದೆ. ಅವರ ಮಾತನ್ನು ನಂಬುವುದೇ? (ಬೆಳಗಾವಿ)

ಉತ್ತರ: ಅವರು ಸುಳ್ಳು ಹೇಳಿದ್ದಾರೆಂದು ನನಗೆ ಅನಿಸುವುದಿಲ್ಲ, ನೀವಿಬ್ಬರೂ ಒಂದೇ ಹೆಸರಿಟ್ಟು ಬೇರೆ ಬೇರೆ ಸಂಗತಿಗಳನ್ನು ಅಳೆಯುತ್ತಿರಬಹುದು. ರಿಜೆಕ್ಷನ್ ಎಂದರೆ ಕೆಲವರಿಗೆ ಫೆಟ್ಲಿಂಗ್ (ಎರಕಕ್ಕೆ ಅಂಟಿದ ಮರಳು, ಹೆಚ್ಚುವರಿ ಲೋಹ ತೆಗೆಯುವುದು) ಆದ ಮೇಲೆ ತಮ್ಮ ಅಂಗಳದಲ್ಲೇ ತೆಗೆದುಹಾಕಿದ್ದು ಮಾತ್ರ. ಇನ್ನು ಕೆಲವರು ಗಿರಾಕಿಯ ಮಷಿನಿಂಗ್‌ನಲ್ಲಿ ಬ್ಲೋಹೋಲ್ (ಒಳಗೆ ಗಾಳಿ ಸಿಕ್ಕಿ ಆದ ತೂತು) ಕಂಡು ಎರಡು ತಿಂಗಳ ನಂತರ ಹಿಂದಿರುಗಿದ್ದನ್ನೂ ಸೇರಿಸುತ್ತಾರೆ. ಒಬ್ಬರು ಪೀಸ್ ಲೆಕ್ಕದಲ್ಲಿ ಹೇಳಿದರೆ ಇನ್ನೊಬ್ಬರು ತೂಕದ ಲೆಕ್ಕದಲ್ಲಿ ಹೇಳುತ್ತಾರೆ. ದೊಡ್ಡ ಎರಕಗಳೇ ಹೆಚ್ಚು ಕೆಡುವ ಫೌಂಡ್ರಿಯಲ್ಲಿ ಇವೆರಡರ ನಡುವೆ ಅಜಗಜಾಂತರವಿರುತ್ತದೆ.

ಕರೆಂಟಿನ ವಿಷಯದಲ್ಲಿ ಇನ್ನೂ ದೊಡ್ಡ ಮೋಸ ಅಡಗಿದೆ. 620 ಯೂನಿಟ್ ಎಂಬುದು ಕರಗಿದ ಲೋಹದ ಟನ್ನಿನ ಲೆಕ್ಕ. ನೀವು ಮಾರುವುದು ಒಳ್ಳೆಯ ಎರಕವನ್ನು. ಸುರಿದ ಲೋಹದಲ್ಲಿ ರನ್ನರ್, ರೈಸರ್ (ಅಚ್ಚಿಗೆ ಲೋಹ ಹರಿಸುವ, ತುಂಬಿಕೊಡುವ ದಾರಿಗಳಲ್ಲಿ ಉಳಿಯುವ ಲೋಹ) ಕಳೆದು ಶೇ 60 ಎರಕವಾಗುತ್ತದೆ, ಅದರಲ್ಲಿ ಶೇ 7 ಕೆಡುತ್ತದೆ ಎಂದಿಟ್ಟುಕೊಳ್ಳಿ. ಆಗ ಒಂದು ಟನ್ ಮಾರಾಟದ ಎರಕಕ್ಕೆ, ಕರಗಿಸಲಷ್ಟೇ, 1,111 ಯೂನಿಟ್ ಬೀಳುತ್ತದೆ. ಇನ್ನೊಬ್ಬರ ಯೀಲ್ಡ್ (ಸುರಿದ ಲೋಹದಲ್ಲಿ ಎರಕವಾಗುವ ಪಾಲು) ಶೇ 65, ಗಿರಾಕಿಯಿಂದ ಹಿಂದಿರುಗಿದ್ದೂ ಸೇರಿ ರಿಜೆಕ್ಷನ್ ಶೇ 4 ಇದ್ದರೆ, ಅದೇ ಫರ್ನೇಸು, ಅದೇ 620, ಆದರೆ ಮಾರಾಟದ ಟನ್ನಿಗೆ ಸುಮಾರು 994. ಟನ್ನಿಗೆ 117 ಯೂನಿಟ್ ವ್ಯತ್ಯಾಸವಾದರೆ ನಿಮ್ಮ 80 ಟನ್ನಿಗೆ ತಿಂಗಳಿಗೆ 9,000 ಯೂನಿಟ್ ಮೀರುತ್ತದೆ. ನಿಮ್ಮ ಬಿಲ್ ಏಕೆ ಹೆಚ್ಚು ಎಂಬುದಕ್ಕೆ ಉತ್ತರ ಫರ್ನೇಸಿನಲ್ಲಿಲ್ಲದೆ ಅಚ್ಚಿನ ಮಾದರಿ ತಯಾರಾಗುವ ಪ್ಯಾಟರ್ನ್ ಶಾಪಿನಲ್ಲೂ ಅಚ್ಚಿನ ಮರಳಿನಲ್ಲೂ ಇರಬಹುದು. ಆದ್ದರಿಂದ ಹೋಲಿಕೆಗೆ ಕೂರುವ ಮುನ್ನ ಇಬ್ಬರೂ ಒಂದು ಹಾಳೆಯಲ್ಲಿ ಲೆಕ್ಕದ ರೀತಿಯನ್ನು ಬರೆದು ಒಪ್ಪಿಕೊಳ್ಳಿ: ತೂಕದ ಲೆಕ್ಕ, ಗಿರಾಕಿಯಿಂದ ಹಿಂದಿರುಗಿದ್ದು ಸೇರಿ, ಮಾರಾಟವಾದ ಟನ್ನಿಗೆ.

ಫರ್ನೇಸನ್ನೂ ಒರೆಗೆ ಹಚ್ಚಲೇಬೇಕು. ಒಂದು ಟನ್ ಕಬ್ಬಿಣವನ್ನು 1,500 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಭೌತಶಾಸ್ತ್ರದ ಲೆಕ್ಕದಲ್ಲಿ ಬೇಕಾಗುವುದು ಸುಮಾರು 390 ಯೂನಿಟ್. ಯಾವ ಫೌಂಡ್ರಿಯೂ ಅದನ್ನು ಮುಟ್ಟಲಾರದು, ಆದರೆ 390ಕ್ಕೂ 620ಕ್ಕೂ ನಡುವಿನ ಅಂತರ ಎಲ್ಲಿ ಹೋಗುತ್ತಿದೆ ಎಂದು ಕೇಳುವ ಹಕ್ಕು ನಿಮಗಿದೆ. ಫರ್ನೇಸಿನ ವಿದ್ಯುತ್ ಸುರುಳಿಯನ್ನು (ಕಾಯಿಲ್) ತಂಪುಮಾಡುವ ನೀರಿನಲ್ಲಿ ಒಂದಷ್ಟು ಹೋಗುವುದು ಅನಿವಾರ್ಯ. ಮುಚ್ಚಳ ತೆರೆದಿಟ್ಟ ಫರ್ನೇಸಿನ ಬಾಯಿಂದ ಹೋಗುವುದೂ, ಲೋಹ ಸಿದ್ಧವಾಗಿದ್ದರೂ ಮೋಲ್ಡುಗಳು ಸಿದ್ಧವಿಲ್ಲದೆ ಕಾಯಿಸುತ್ತ ಹಿಡಿದಿಡುವಾಗ ಹೋಗುವುದೂ, ತುಕ್ಕು ಮತ್ತು ಮರಳು ಅಂಟಿದ ಸ್ಕ್ರ್ಯಾಪ್ ಹಾಕಿದಾಗ ಸ್ಲ್ಯಾಗಿನಲ್ಲಿ (ಲೋಹದ ಕಿಟ್ಟ) ಹೋಗುವುದೂ ಅನಿವಾರ್ಯವಲ್ಲ. ಒಂದು ವಾರ ಪ್ರತಿ ಹೀಟ್‌ಗೂ (ಒಂದು ಸಲ ಲೋಹ ಕರಗಿಸುವುದು) ಮೀಟರ್ ಓದಿ ಬರೆದಿಡಿ. ಸೋಮವಾರದ ತಣ್ಣಗಿನ ಮೊದಲ ಹೀಟ್ ಬೇರೆ, ಉಳಿದವು ಬೇರೆ. ಇಂಧನ ದಕ್ಷತಾ ಬ್ಯೂರೋ ಮತ್ತು ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಸ್ಥೆಯಾದ ಯುನಿಡೊ ಸೇರಿ ನಡೆಸಿದ ಸಣ್ಣ ಉದ್ದಿಮೆಗಳ ಇಂಧನ ಯೋಜನೆಯಲ್ಲಿ ಕೊಯಮತ್ತೂರು, ಇಂದೋರ್‌ಗಳ ಜೊತೆ ಬೆಳಗಾವಿಯ ಫೌಂಡ್ರಿಗಳೂ ಇದ್ದವು. ನಿಮ್ಮ ಊರಿನಲ್ಲೇ ಅದರಲ್ಲಿ ಪಾಲ್ಗೊಂಡವರಿದ್ದಾರೆ. ಅವರನ್ನು ಹುಡುಕಿ ಮಾತನಾಡಿಸಿ.

ಪ್ರಶ್ನೆ: ನಾವು ಹದಿನಾಲ್ಕು ಮಂದಿ ಹೆಂಗಸರು ಸೇರಿ ಸ್ವಸಹಾಯ ಸಂಘದಿಂದ ಉದ್ದಿನ ಹಪ್ಪಳ ಮಾಡಿ ಮಾರುತ್ತೇವೆ. ಒಂದು ಪೊಟ್ಟಣದ ರುಚಿ ಇನ್ನೊಂದಕ್ಕೆ ಇಲ್ಲವೆಂದು ಅಂಗಡಿಯವರು ದೂರುತ್ತಾರೆ. ಹಪ್ಪಳ ಮಾಡುವ ಬೇರೆಯವರು ತಮ್ಮ ಕೆಲಸ ತೋರಿಸುವುದಿಲ್ಲ. ನಾವು ಯಾರನ್ನು ನೋಡಿ ಕಲಿಯುವುದು? (ಶಿರಸಿ)

ಉತ್ತರ: ನೋಡಿ ಕಲಿಯಲು ಬಹಳ ದೊಡ್ಡ ಮಾದರಿಯೊಂದು ನಿಮ್ಮ ಕೆಲಸದಲ್ಲೇ ಇದೆ, ಅದರ ಪದ್ಧತಿ ಗುಟ್ಟೂ ಅಲ್ಲ. 1959ರಲ್ಲಿ ಮುಂಬೈಯ ಗಿರ್‌ಗಾಂವ್‌ನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ಪಡೆದು ಶುರುಮಾಡಿದ ಲಿಜ್ಜತ್ ಪಾಪಡ್ ಇಂದು ಸಾವಿರಾರು ಮನೆಗಳಲ್ಲಿ ಲಟ್ಟಿಸಲ್ಪಡುತ್ತದೆ. ಇಷ್ಟು ಕೈಗಳಿದ್ದೂ ರುಚಿ ಒಂದೇ ಆಗಿರುವುದಕ್ಕೆ ಮುಖ್ಯ ಕಾರಣ, ಹಿಟ್ಟನ್ನು ಕೇಂದ್ರದಲ್ಲಿಯೇ ಕಲಸಿ ತೂಗಿ ಕೊಡುವುದು. ಮನೆಗೆ ಹೋಗುವುದು ಲಟ್ಟಿಸುವ ಕೆಲಸ ಮಾತ್ರ. ಮರುದಿನ ಹಪ್ಪಳ ತಂದಾಗ ಅದನ್ನು ಪರೀಕ್ಷಿಸಿ ತೂಗಿ ತೆಗೆದುಕೊಳ್ಳುತ್ತಾರೆ.

ನಿಮ್ಮ ಪತ್ರದ ಕೊನೆಯ ಪುಟದಲ್ಲಿ, ಪ್ರತಿಯೊಬ್ಬರೂ ಉದ್ದಿನ ಹಿಟ್ಟು ಒಯ್ದು ತಮ್ಮ ಮನೆಯಲ್ಲೇ ಉಪ್ಪು, ಕಾಳುಮೆಣಸು, ಹಪ್ಪಳಖಾರ ಹಾಕಿ ಕಲಸುತ್ತೇವೆ ಎಂದಿದ್ದೀರಿ. ರುಚಿ ಬೇರೆಯಾಗುವುದು ಅಲ್ಲಿಯೇ. ಹದಿನಾಲ್ಕು ಕೈಗಳ ಹದವೂ ಒಳ್ಳೆಯದೇ ಇರಬಹುದು, ಆದರೆ ಅಂಗಡಿಯವರಿಗೆ ಬೇಕಾದದ್ದು ಒಂದೇ ಹದ. ನಿಮ್ಮಲ್ಲಿ ಯಾರ ಹಪ್ಪಳಕ್ಕೆ ಗಿರಾಕಿಗಳು ಮತ್ತೆ ಮತ್ತೆ ಬರುತ್ತಾರೋ ಅವರು ಕಲಸುವಾಗ ಪಕ್ಕದಲ್ಲಿ ಕುಳಿತು, ಅವರ ‘ಒಂದು ಹಿಡಿ’, ‘ಚಿಟಿಕೆ’ಗಳನ್ನು ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಿ. ಆಮೇಲೆ ಸಂಘದ ಮನೆಯಲ್ಲೇ ಆ ಅಳತೆಗೆ ಕಲಸಿ, ಉಂಡೆ ಮಾಡಿ ಹಂಚಿ. ದಪ್ಪ ಒಂದೇ ಇರಲು ಹತ್ತು ಹಪ್ಪಳದ ತೂಕ ಇಷ್ಟೇ ಇರಬೇಕೆಂದು ನಿಗದಿಮಾಡಿ. ಒಂದೊಂದನ್ನೇ ತೂಗುತ್ತ ಕೂತರೆ ಕೆಲಸ ಸಾಗದು.

ಹಪ್ಪಳದ ಹೊರಗೂ ಗುರುಗಳಿದ್ದಾರೆ. ಹಳೆಯ ಸರಕು ಮೊದಲು ಹೊರಗೆ ಹೋಗುವಂತೆ ಜೋಡಿಸುವುದನ್ನು ನಿಮ್ಮ ಪೇಟೆಯ ಔಷಧದಂಗಡಿಯವರಿಂದ ಕಲಿಯಿರಿ, ಮಳೆಗಾಲದಲ್ಲಿ ತೇವ ತಗಲದಂತೆ ಪೊಟ್ಟಣ ಸೀಲ್ ಮಾಡುವುದನ್ನು ಚಿಪ್ಸ್ ಮಾಡುವವರಿಂದ. ಅವರಿಗೆ ನೀವು ಪ್ರತಿಸ್ಪರ್ಧಿಗಳಲ್ಲವಾದ್ದರಿಂದ ಕೇಳಿದರೆ ಪ್ರೀತಿಯಿಂದಲೇ ತೋರಿಸುತ್ತಾರೆ.

ಪ್ರಶ್ನೆ: ಇಂಥ ಸುಧಾರಣೆಗೆ ಸರ್ಕಾರದ ನೆರವು ಇದೆಯೇ? (ತುಮಕೂರು)

ಉತ್ತರ: ಇದೆ. ಕೇಂದ್ರದ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಸಚಿವಾಲಯ 2023ರ ಮಾರ್ಚ್‌ನಲ್ಲಿ ಹೊಸ ರೂಪದಲ್ಲಿ ಆರಂಭಿಸಿದ, ಕೆಲಸದಲ್ಲಿನ ಪೋಲು ತಗ್ಗಿಸುವ ಲೀನ್ ಯೋಜನೆಯಲ್ಲಿ ಪ್ರಾಥಮಿಕ, ಮಧ್ಯಮ, ಉನ್ನತ ಎಂಬ ಮೂರು ಹಂತಗಳಿದ್ದು, ಸಲಹೆಗಾರರು ನಿಮ್ಮ ಘಟಕಕ್ಕೆ ಬಂದು ಕೈಹಿಡಿದು ನಡೆಸುವ ವೆಚ್ಚದ ಶೇ 90ನ್ನು ಸರ್ಕಾರ ಭರಿಸುತ್ತದೆ. ದೋಷವಿಲ್ಲದ, ಪರಿಸರಕ್ಕೆ ಹಾನಿಯಿಲ್ಲದ ತಯಾರಿಕೆಗೆ ಕೊಡುವ ಝೆಡ್ ಪ್ರಮಾಣಪತ್ರ ಯೋಜನೆಯಲ್ಲಿ ಕಂಚು, ಬೆಳ್ಳಿ, ಚಿನ್ನದ ಹಂತಗಳಿವೆ. ಪ್ರಮಾಣಪತ್ರದ ವೆಚ್ಚದಲ್ಲಿ ಅತಿಸಣ್ಣ ಉದ್ದಿಮೆಗಳಿಗೆ ಶೇ 80, ಸಣ್ಣವಕ್ಕೆ ಶೇ 60, ಮಧ್ಯಮದವಕ್ಕೆ ಶೇ 50 ಸಹಾಯಧನ. ಎರಡಕ್ಕೂ ಉದ್ಯಮ್ ನೋಂದಣಿ (ಸರ್ಕಾರದಲ್ಲಿ ಉದ್ದಿಮೆಯ ದಾಖಲಾತಿ) ಬೇಕು. ಆದರೆ ಸಲಹೆಗಾರರು ಬರುವ ಮೊದಲು ಒಂದು ತಿಂಗಳ ಅಂಕಿಗಳನ್ನು ನೀವೇ ಬರೆದಿಟ್ಟುಕೊಂಡಿರಿ. ಅಂಕಿಯಿಲ್ಲದ ಘಟಕದಲ್ಲಿ ಅವರ ಅರ್ಧ ಅವಧಿ ಅದನ್ನು ಸಂಗ್ರಹಿಸುವುದರಲ್ಲೇ ಕಳೆದುಹೋಗುತ್ತದೆ.

ಪ್ರಶ್ನೆ: ನನ್ನದು ದರ್ಶಿನಿ. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆಯವರೆಗೆ ದೋಸೆಗಾಗಿ ಜನ ಕಾಯುತ್ತಾರೆ, ಕೆಲವರು ಎದುರಿನ ಹೋಟೆಲಿಗೆ ಹೋಗಿಬಿಡುತ್ತಾರೆ. ಎಲ್ಲಿ ತಡವಾಗುತ್ತದೆಂದು ತಿಳಿಯಲು ಫೋನಿನಲ್ಲಿ ಸಮಯ ಅಳೆಯತೊಡಗಿದೆ. ಎರಡನೆಯ ದಿನವೇ ಹಳೆಯ ಭಟ್ಟರೊಬ್ಬರು ಮುನಿಸಿಕೊಂಡು ಊರಿಗೆ ಹೊರಟು ನಿಂತರು. ಅಳೆಯದೆ ಸುಧಾರಿಸುವ ದಾರಿ ಇಲ್ಲವೇ? (ಮೈಸೂರು)

ಉತ್ತರ: ಅಳೆಯದೆ ದಾರಿಯಿಲ್ಲ. ಆದರೆ ಗಡಿಯಾರ ನಿಮ್ಮ ಕೈಯಲ್ಲಿರುವುದಕ್ಕೂ ಅವರ ಕೈಯಲ್ಲಿರುವುದಕ್ಕೂ ಬಹಳ ವ್ಯತ್ಯಾಸವಿದೆ. ಕಾವಲಿಯ ಮುಂದೆ ಇಪ್ಪತ್ತು ವರ್ಷ ನಿಂತವರ ಬೆನ್ನ ಹಿಂದೆ ಫೋನು ಹಿಡಿದರೆ, ‘ನೀವು ನಿಧಾನ’ ಎಂದು ಬಾಯಿಬಿಟ್ಟು ಹೇಳಿದಂತೆಯೇ ಆಗುತ್ತದೆ. ನಾನಾಗಿದ್ದರೂ ನೊಂದುಕೊಳ್ಳುತ್ತಿದ್ದೆ.

ಮೊದಲು ಅವರ ಬಳಿ ಹೋಗಿ, ತಪ್ಪು ನನ್ನದು ಎಂದು ಹೇಳಿ. ಆಮೇಲೆ ಅಳೆಯುವುದನ್ನು ವ್ಯಕ್ತಿಯಿಂದ ಕೆಲಸಕ್ಕೆ ತಿರುಗಿಸಿ: ಟೋಕನ್ ಹರಿದ ಹೊತ್ತು, ದೋಸೆ ಕೌಂಟರಿಗೆ ಬಂದ ಹೊತ್ತು, ಇಷ್ಟನ್ನು ಟೋಕನ್ನಿನ ಹಿಂದೆಯೇ ಬರೆದರೆ ಸಾಕು, ಯಾರ ಹೆಸರೂ ಬೇಡ. ತಡವಾಗುವುದು ಕಾವಲಿಯಲ್ಲೇ ಎಂಬುದು ನಿಮ್ಮ ಊಹೆ ಮಾತ್ರ. ಎಂಟೂವರೆಗೆ ಚಟ್ನಿ ಮುಗಿದು ರುಬ್ಬುವತನಕ ತಟ್ಟೆಗಳು ನಿಂತಿರಬಹುದು, ಪಲ್ಯದ ಪಾತ್ರೆ ನಾಲ್ಕು ಹೆಜ್ಜೆ ದೂರವಿರಬಹುದು, ತೊಳೆದ ತಟ್ಟೆ ಒದಗದಿರಬಹುದು. ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಆ ಭಟ್ಟರೇ. ಒಂದು ಬೆಳಿಗ್ಗೆ ಅವರನ್ನೇ ಕರೆದುಕೊಂಡು, ನಿಮಗೆ ಪೈಪೋಟಿಯಿಲ್ಲದ ಬೇರೆ ಬಡಾವಣೆಯ ಜನನಿಬಿಡ ದರ್ಶಿನಿಗೆ ತಿಂಡಿಗೆ ಹೋಗಿ. ಅಲ್ಲಿಯ ಕಾವಲಿ ಎಲ್ಲಿದೆ, ಹಿಟ್ಟು ಯಾವ ಕೈಯ ಬದಿಗಿದೆ, ಒಂದು ಸಲಕ್ಕೆ ಎಷ್ಟು ಹುಯ್ಯುತ್ತಾರೆ ಎಂಬುದನ್ನು ನೀವು ಹತ್ತು ದಿನ ನೋಡಿದರೂ ಕಾಣದಷ್ಟು ಅವರು ಒಂದು ಕಾಫಿ ಮುಗಿಯುವುದರೊಳಗೆ ಕಾಣುತ್ತಾರೆ. ಹಿಂದಿರುಗಿದ ಮೇಲೆ ಅವರು ಹೇಳಿದ ಬದಲಾವಣೆಗಳಲ್ಲಿ ಒಂದನ್ನಾದರೂ ಆ ವಾರವೇ ಮಾಡಿ. ಒಂದು ಮಾತನ್ನು ಎಲ್ಲರ ಮುಂದೆ ಕೊಡಿ: ಕೆಲಸ ಬೇಗ ಸಾಗಿತೆಂದು ಒಬ್ಬರನ್ನೂ ಬಿಡಿಸುವುದಿಲ್ಲ, ಹೆಚ್ಚಿನ ವ್ಯಾಪಾರದಲ್ಲಿ ಅವರಿಗೂ ಪಾಲಿದೆ. ಆ ಪಾಲು ಎಷ್ಟೆಂದು ಅಂದೇ ಹೇಳಿ, ಮೊದಲ ತಿಂಗಳ ಸಂಬಳದಲ್ಲೇ ಸೇರಿಸಿ.